ಕೌದಿಗೊಂದು ಬಾಡಿಗೆ ಮಷಿನ್

ಅಮೆರಿಕದಲ್ಲಿ ಕ್ವಿಲ್ಟ್, ಅಂದರೆ ನಮ್ಮ ಕೌದಿಯಂಥದ್ದು, ಹೊಲಿಯುವ ಯಾವ ಹೆಂಗಸಿನ ಕಪಾಟು ತೆರೆದರೂ ಅರ್ಧಕ್ಕೆ ನಿಂತ ನಾಲ್ಕಾರು ಕ್ವಿಲ್ಟ್ ಸಿಗುತ್ತವೆ. ಮೇಲಿನ ಪದರ ರೆಡಿ ಇರುತ್ತದೆ. ಬಣ್ಣಬಣ್ಣದ ತುಂಡು ಜೋಡಿಸಿ, ಇಸ್ತ್ರಿ ಮಾಡಿ, ಫೋಟೊ ತೆಗೆದು ಊರಿಗೆಲ್ಲ ಕಳಿಸಿಯೂ ಆಗಿರುತ್ತದೆ. ಮುಂದಿನ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಮೇಲೊಂದು ಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಗೊಂದು ಬಟ್ಟೆ, ಈ ಮೂರನ್ನೂ ಸೇರಿಸಿ ಮೈತುಂಬ ಹೊಲಿಗೆ ಹಾಕಬೇಕು. ಮನೆಯ ಮಷಿನ್ನಿನ ಕೈಯಡಿಗೆ ಇರುವ ಜಾಗ ಏಳೆಂಟು ಇಂಚು. ಡಬಲ್ ಕಾಟಿಗೆ ಹಾಸುವಷ್ಟು ಬಟ್ಟೆಯನ್ನು ಸುರುಳಿ ಸುತ್ತಿ ಅದರೊಳಗೆ ತುರುಕಿ, ಎಳೆದು, ಮತ್ತೆ ತುರುಕಿ ನೋಡಿ. ಭುಜ ರಾಜೀನಾಮೆ ಕೊಡುತ್ತದೆ.

ನನ್ನದೂ ಒಂದು ಹಾಗೆ ನಿಂತಿತ್ತು. ಅವ್ವನ ಹಳೆ ಇಳಕಲ್ ಸೀರೆಗಳದ್ದು. ಧಾರವಾಡದಿಂದ ಬರುವಾಗ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಯ ಜಾಗ ಕಿತ್ತುಕೊಂಡು ಬಂದ ಸೀರೆಗಳು ಅವು. ಒಡಲು ಹತ್ತಿಯದು, ತೊಳೆದು ತೊಳೆದು ಮೆತ್ತಗಾಗಿತ್ತು. ಸೆರಗು ರೇಷ್ಮೆಯದು, ಕೆಂಪು ಬಿಳಿಯ ತೋಪು ತೆನಿ ವಿನ್ಯಾಸ ಇನ್ನೂ ಗಟ್ಟಿಯಾಗಿತ್ತು. ಒಡಲನ್ನು ಚೌಕ ಕತ್ತರಿಸಿ ನಡುವೆ ಇಟ್ಟು, ಸೆರಗಿನ ತುಂಡು ಅಲ್ಲಲ್ಲಿ ಸೇರಿಸಿ, ಸುತ್ತಲೂ ಸೀರೆಯದೇ ಗೋಮಿ ವಿನ್ಯಾಸದ ದಡಿ ಕೊಟ್ಟಿದ್ದೆ. ಈ ದಡಿಯ ಪ್ರತಾಪ ಆಮೇಲೆ ಹೇಳುತ್ತೇನೆ.

ದುಡ್ಡು ಕೊಟ್ಟು ಹೊಲಿಸಿದರಾಯಿತು ಅಂದುಕೊಂಡೆ. ಇಲ್ಲಿ ಅದಕ್ಕೇ ಅಂತ ಜನ ಇದ್ದಾರೆ. ಚದರ ಇಂಚಿಗೆ ಎರಡು ಸೆಂಟ್, ಮೂರು ಸೆಂಟ್ ಅಂತ ಲೆಕ್ಕ. ಸೆಂಟ್ ಅಂದರೆ ಚಿಲ್ಲರೆ ಕಾಸು ಅಲ್ವಾ? ನಮ್ಮನೆಯವರು ಕ್ಯಾಲ್ಕುಲೇಟರ್ ತೆಗೆದರು. 72 ಇಂಚು ಅಗಲ, 90 ಇಂಚು ಉದ್ದ, 6,480 ಚದರ ಇಂಚು. ಎರಡು ಸೆಂಟ್ ಹಿಡಿದರೂ ಹತ್ತಿರಹತ್ತಿರ 130 ಡಾಲರ್. ಹತ್ತಿಗೆ ಬೇರೆ, ದಾರಕ್ಕೆ ಬೇರೆ. ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕು.

ಅವ್ವನಿಗೆ ಹೇಳಿದೆ. ಆಕೆ ರೂಪಾಯಿಗೆ ತಿರುಗಿಸಿ ನೋಡಿದಳು. "ಹರಕ ಸೀರಿ ಹೊಲಿಯಾಕ ಹತ್ತ ಸಾವಿರ ಮ್ಯಾಲ? ಅಷ್ಟ ರೊಕ್ಕಕ್ಕ ಹೊಸಾ ಸೀರೀನ ಬರ್ತಾವಲ್ಲವಾ!"

ನಾವಿರುವುದು ಕ್ಯಾನ್ಸಸ್ ಸಿಟಿಯ ಹತ್ತಿರ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಮಿಸೌರಿಯ ಹ್ಯಾಮಿಲ್ಟನ್ ಅನ್ನುವ ಪುಟ್ಟ ಊರು. ಜನಸಂಖ್ಯೆ 1,700ರ ಆಸುಪಾಸು. ಅಲ್ಲಿನ ಒಂದು ಕುಟುಂಬ 2008ರಲ್ಲಿ ಮಿಸೌರಿ ಸ್ಟಾರ್ ಅಂತ ಕ್ವಿಲ್ಟ್ ಕಂಪನಿ ಶುರು ಮಾಡಿತು. ಮಕ್ಕಳು ಸೇರಿ ಅಮ್ಮನಿಗೆ ಒಂದು ಲಾಂಗ್ ಆರ್ಮ್, ಅಂದರೆ ಕ್ವಿಲ್ಟಿನ ಪದರ ಸೇರಿಸಿ ಹೊಲಿಯುವ ಉದ್ದ ಕೈಯ ದೊಡ್ಡ ಮಷಿನ್, ಕೊಡಿಸಿದ್ದೇ ಅದಕ್ಕೆ ಮೂಲ. ಈಗ ಊರಿನ ಮುಖ್ಯ ಬೀದಿಯ ತುಂಬ ಬಟ್ಟೆ ಅಂಗಡಿಗಳು, ದೂರದೂರದಿಂದ ಬರುವ ಹೆಂಗಸರು, ಅವರ ಹಿಂದೆ ಚೀಲ ಹಿಡಿದ ಗಂಡಂದಿರು. ಮಕ್ಕಳು ಅಮ್ಮನಿಗೆ ಮಷಿನ್ ಕೊಡಿಸಿದ ಈ ಕತೆಯನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಆಗಾಗ ಹೇಳುತ್ತಿರುತ್ತೇನೆ. ನನ್ನ ಮಕ್ಕಳು "ಓ, ನೈಸ್" ಅಂದು ಫೋನ್ ನೋಡುತ್ತಾರೆ.

ಹೊಸ ಲಾಂಗ್ ಆರ್ಮ್ ಬೆಲೆ ಸಾವಿರಾರು ಡಾಲರಿನಿಂದ ಶುರುವಾಗಿ 40,000 ದಾಟುವುದೂ ಉಂಟು. ಹಾಗಾಗಿ ಕೊಡಿಸದ ಮಕ್ಕಳನ್ನು ಬೈಯುವಂತೆಯೂ ಇಲ್ಲ. ಉಳಿದ ದಾರಿ ಬಾಡಿಗೆ. ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಗಂಟೆಗೆ 25 ಡಾಲರ್. ಆದರೆ ದುಡ್ಡು ಕೊಟ್ಟ ಕೂಡಲೇ ಮುಟ್ಟಲು ಬಿಡುವುದಿಲ್ಲ. ಮೊದಲು ಕ್ಲಾಸಿಗೆ ಕೂರಬೇಕು, ಕಾಗದಕ್ಕೆ ಸಹಿ ಹಾಕಬೇಕು.

ಮನೆಯ ಮಷಿನ್ ಕೂತಲ್ಲೇ ಕೂತಿರುತ್ತದೆ, ಬಟ್ಟೆ ಓಡುತ್ತದೆ. ಇಲ್ಲಿ ಎಲ್ಲಾ ಉಲ್ಟಾ. ಹನ್ನೆರಡು ಅಡಿ ಉದ್ದದ ಕಬ್ಬಿಣದ ಚೌಕಟ್ಟು, ಅದಕ್ಕೆ ರೋಲರುಗಳು. ಬಟ್ಟೆ ಆ ರೋಲರುಗಳಿಗೆ ಸುತ್ತಿಕೊಂಡು ನಿಂತಿರುತ್ತದೆ. ಮಷಿನ್ನೇ ಹಳಿಗಳ ಮೇಲೆ ಆ ಕಡೆ ಈ ಕಡೆ ಓಡಾಡುತ್ತದೆ. ಎರಡು ಹಿಡಿಕೆ ಹಿಡಿದು ನಾವು ನಿಂತೇ ಹೊಲಿಯಬೇಕು. ಇದನ್ನು ಕೇಳಿ ಅವ್ವ ತಲೆ ಚಚ್ಚಿಕೊಂಡಳು. "ಹೋಟೆಲ್ಲಿನ್ಯಾಗ ನಿಂತ ತಿನ್ನೂದಾತು, ಈಗ ಕೌದೀನೂ ನಿಂತ ಹೊಲಿಯೂದ?"

ಕ್ಲಾಸಿನ ಟೀಚರಮ್ಮ ಬೆಳ್ಳಿ ಕೂದಲಿನ ಹೆಂಗಸು. ಕುತ್ತಿಗೆಗೆ ಅಳತೆ ಟೇಪು, ಮಾತಿನಲ್ಲಿ ಬಹಳ ನಯ, ನಿಯಮದಲ್ಲಿ ಬಹಳ ಬಿಗಿ. ಕೆಳಗಿನ ಬಟ್ಟೆ ನಾಲ್ಕೂ ಕಡೆ ನಾಲ್ಕು ನಾಲ್ಕು ಇಂಚು ಜಾಸ್ತಿ ಇರಬೇಕು. ಬಟ್ಟೆಯಲ್ಲಿ ಒಂದು ಗುಂಡುಪಿನ್ನೂ ಉಳಿದಿರಬಾರದು. ಕೈ ಎಷ್ಟೇ ವೇಗವಾಗಿ ಓಡಿದರೂ ಇಂಚಿಗೆ ಹತ್ತೇ ಹೊಲಿಗೆ ಬೀಳುವಂತೆ ಮಷಿನ್ ನೋಡಿಕೊಳ್ಳುತ್ತದೆ. ಅದರ ಕೈಲಾಗದಷ್ಟು ಜೋರು ಓಡಿಸಿದರೆ ಕೀಂ ಕೀಂ ಅಂತ ಕೂಗುತ್ತದೆ. ಅಭ್ಯಾಸದ ಬಟ್ಟೆಯ ಮೇಲೆ ನಾನು ಎಳೆದ ಸುಳಿಗಳನ್ನು ನೋಡಿ ಟೀಚರಮ್ಮ "ಬ್ಯೂಟಿಫುಲ್" ಅಂದರು. ಅಮೆರಿಕದವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ ಅಂತ ಗೊತ್ತಿದ್ದರೂ ಖುಷಿಯಾಯಿತು.

ಬಾಡಿಗೆಯ ದಿನ ಶನಿವಾರ. ಬೆಳಿಗ್ಗೆ ಹತ್ತಕ್ಕೆ ಗಡಿಯಾರ ಶುರು. ಹೊಲಿಗೆ ಶುರುವಾಗಲಿಲ್ಲ.

ಹೊಲಿಯುವುದು ಈ ಕೆಲಸದ ಸಣ್ಣ ಭಾಗ ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ. ಮೊದಲು ಕೆಳಗಿನ ಬಟ್ಟೆಯನ್ನು ಜಿಪ್ಪಿನಿಂದ ರೋಲರಿನ ಬಟ್ಟೆಗೆ ಸೇರಿಸಬೇಕು. ಅದರ ಒಳ್ಳೆಯ ಮುಖ ನೆಲದ ಕಡೆ ಇರಬೇಕು. ರೋಲರು ಯಾವ ಕಡೆಗೆ ತಿರುಗಿದರೆ ಒಳ್ಳೆಯ ಮುಖ ನೆಲ ನೋಡುತ್ತದೆ ಅಂತ ನನಗೂ ನಮ್ಮನೆಯವರಿಗೂ ಚರ್ಚೆಯಾಯಿತು. ಅವರು ಇಂಜಿನಿಯರು. ಕಾಗದದ ಮೇಲೆ ಚಿತ್ರ ಬರೆದು, ಬಾಣ ಹಾಕಿ ಸಾಬೀತು ಮಾಡಿದರು. ಅವರ ಬಾಣದ ಪ್ರಕಾರ ಸುತ್ತಿದೆವು. ಒಳ್ಳೆಯ ಮುಖ ಸೂರು ನೋಡುತ್ತಿತ್ತು. ಬಿಚ್ಚಿ ಮತ್ತೆ ಸುತ್ತಿದೆವು. ಆಮೇಲೆ ಅವರು ಅಂಗಡಿಯವರು ಗಂಡಂದಿರಿಗಾಗಿಯೇ ಇಟ್ಟಿದ್ದ ಕುರ್ಚಿಯಲ್ಲಿ ಹೋಗಿ ಕೂತರು.

ಹತ್ತಿ ಹಾಸಿದ್ದಾಯಿತು. ಸೀರೆಯ ಪದರ ಹಾಸಿದ್ದಾಯಿತು. ಮೇಲಿನ ಅಂಚಿಗೆ ಉದ್ದಕ್ಕೂ ಟಾಕು ಹಾಕಿದ್ದಾಯಿತು. ಪಕ್ಕಕ್ಕೆ ಕ್ಲಿಪ್ಪು ಹಾಕಿ ಎಳೆದದ್ದಾಯಿತು. ಜಾಸ್ತಿ ಎಳೆದೆ ಅಂತ ಟೀಚರಮ್ಮ ಬಂದು ಸಡಿಲ ಮಾಡಿದರು. ಗಡಿಯಾರ ನೋಡಿದರೆ ಹನ್ನೊಂದೂವರೆ.

ಸಣ್ಣವರಿದ್ದಾಗ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತರುತ್ತಿದ್ದೆವಲ್ಲ, ಅದೇ ಸಂಕಟ. ಚೈನು ಬಿದ್ದರೂ ಬಾಡಿಗೆ ಓಡುತ್ತಿರುತ್ತದೆ, ಗೆಳತಿಗೆ ಒಂದು ರೌಂಡು ಕೊಟ್ಟರೂ ಓಡುತ್ತಿರುತ್ತದೆ. ಕೊನೆಯ ಹತ್ತು ನಿಮಿಷ ಸುಖಕ್ಕೆ ತುಳಿಯುವುದಲ್ಲ, ದುಡ್ಡು ವಸೂಲಿಗೆ ತುಳಿಯುವುದು. ನಾನು ಆಗಲೇ ಆ ಹತ್ತು ನಿಮಿಷದ ಮನಃಸ್ಥಿತಿಗೆ ಬಂದಿದ್ದೆ.

ಡಿಸೈನಿಗೆ ಪ್ಯಾಂಟೊಗ್ರಾಫ್ ಅಂತ ಉದ್ದನೆಯ ಕಾಗದ ಸಿಗುತ್ತದೆ. ಅದನ್ನು ಮಷಿನ್ನಿನ ಹಿಂಬದಿಯ ಮೇಜಿನ ಮೇಲೆ ಹರಡುತ್ತಾರೆ. ಮಷಿನ್ನಿನಿಂದ ಲೇಸರಿನ ಕೆಂಪು ಚುಕ್ಕೆ ಆ ಕಾಗದದ ಮೇಲೆ ಬೀಳುತ್ತದೆ. ನಾವು ಹಿಂದೆ ನಿಂತು ಚುಕ್ಕೆಯನ್ನು ಗೆರೆಯ ಮೇಲೆ ನಡೆಸಿದರೆ ಮುಂದೆ ಬಟ್ಟೆಯ ಮೇಲೆ ಅದೇ ಚಿತ್ರ ಮೂಡುತ್ತದೆ. ನನಗೆ ಮಾವಿನಕಾಯಿ ಬುಟ್ಟಾ ಬೇಕಿತ್ತು, ಇಳಕಲ್ಲಿಗೆ ಒಪ್ಪುತ್ತದೆ ಅಂತ. ಹೊಸಬರಿಗೆ ದೊಡ್ಡ ದೊಡ್ಡ ಕುಣಿಕೆಗಳೇ ಸರಿ ಅಂತ ಟೀಚರಮ್ಮ ಅದನ್ನೇ ಕೊಟ್ಟರು.

ಚುಕ್ಕೆ ಬಹಳ ಚೂಟಿ. ತಿರುವಿನಲ್ಲಿ ನಾನು ಬಲಕ್ಕೆ ಅಂದರೆ ಅದು ಇನ್ನೂ ಎಡದಲ್ಲೇ ಇರುತ್ತಿತ್ತು. ಹಿಡಿಯಲು ಹೋದರೆ ಗೆರೆ ದಾಟಿ ಆಚೆ ಹೋಗಿರುತ್ತಿತ್ತು. ಮಷಿನ್ ಕೀಂ ಅಂತಿತ್ತು. ನಾನು ಉಸಿರು ಹಿಡಿದು, ನಾಲಿಗೆ ಕಚ್ಚಿ, ಆ ತುದಿಯಿಂದ ಈ ತುದಿಗೆ ಅಡ್ಡಡ್ಡ ನಡೆಯುತ್ತಿದ್ದೆ.

ನಿಧಾನಕ್ಕೆ ಕೈ ಹಿಡಿಯಿತು. ಆಹಾ, ಆ ಒಂದು ಸಾಲು ಏನು ಸೊಗಸಾಗಿ ಬಂತು ಅಂತೀರಿ! ಒಂದು ಕಡೆಯೂ ಗೆರೆ ತಪ್ಪಲಿಲ್ಲ, ಒಂದು ಸಲವೂ ಮಷಿನ್ ಕೂಗಲಿಲ್ಲ. ಟೀಚರಮ್ಮನನ್ನೇ ಕರೆದು ತೋರಿಸೋಣ ಅಂತ ಮುಂದೆ ಬಂದು ನೋಡಿದೆ. ಸಾಲು ಶುರುವಾಗಿ ಒಂದು ಗೇಣಿಗೇ ಕೆಳಗಿನ ದಾರದ ಉರುಳೆ, ಬಾಬಿನ್, ಖಾಲಿಯಾಗಿತ್ತು. ಅಲ್ಲಿಂದ ಮುಂದೆ ಮೇಲಿನ ದಾರ ಸುಮ್ನೆ ಬಟ್ಟೆಯ ಮೇಲೆ ಮಲಗಿತ್ತು. ಬೆರಳಿನಿಂದ ಎಳೆದರೆ ಇಡೀ ಸಾಲು ಕೈಗೆ ಬಂತು. ಹಿಂದೆ ನಿಂತವರಿಗೆ ಕೆಂಪು ಚುಕ್ಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಬಾಬಿನ್ನಿನಲ್ಲಿ ದಾರ ಇದೆಯೋ ಇಲ್ಲವೋ ಅನ್ನುವುದಕ್ಕೂ ಆ ಚುಕ್ಕೆಗೂ ಸಂಬಂಧವಿಲ್ಲ.

ಅವ್ವ ಸರಿಯಾಗಿ ಆಗಲೇ ವಿಡಿಯೊ ಕಾಲ್ ಮಾಡಿದಳು. ಧಾರವಾಡದಲ್ಲಿ ರಾತ್ರಿ ಹತ್ತೂವರೆ ದಾಟಿತ್ತು. ಮಲಗುವ ಮುಂಚೆ ಕೌದಿ ಎಲ್ಲಿಗೆ ಬಂತು ನೋಡೋಣ ಅಂತ ಆಸೆ. ಫೋನನ್ನು ಚೌಕಟ್ಟಿನ ಕೆಳಗೆ ಹಿಡಿದು ತೋರಿಸಿದೆ. ಕೆಳಗಡೆ ತಿರುವುಗಳಲ್ಲೆಲ್ಲ ದಾರದ ಸಣ್ಣ ಸಣ್ಣ ಕೊಂಡಿ ಎದ್ದಿದ್ದವು. ಮೇಲಿನ ದಾರದ ಬಿಗಿ ಕಡಿಮೆಯಾದರೆ, ತಿರುವಿನಲ್ಲಿ ಮಷಿನ್ ಜೋರಾಗಿ ಓಡಿದರೆ ಹೀಗಾಗುತ್ತದಂತೆ.

"ಅವೇನು ನೂಲ ಕುಣ್ಯಾಕತ್ತಾವು?" ಅಂದಳು ಅವ್ವ.

ಟೀಚರಮ್ಮ ಒಂದು ಸ್ಕ್ರೂ ತಿರುಗಿಸಿದರು. ಕೊಂಡಿಗಳು ನಿಂತವು.

ಈಗ ದಡಿಯ ವಿಷಯ. ಸೀರೆಯ ದಡಿ ಒತ್ತಾಗಿ ನೇಯ್ದದ್ದು, ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಒಡಲು ಹಳೆಯದು, ಹೇಳಿದ ಹಾಗೆ ಕೇಳುತ್ತದೆ. ಎರಡನ್ನೂ ಉದ್ದಕ್ಕೆ ಸೇರಿಸಿದರೆ ಒಂದು ಬಿಗಿ, ಒಂದು ಸಡಿಲ. ಲಾಂಗ್ ಆರ್ಮಿನಲ್ಲಿ ಮೇಲಿನಿಂದ ಕೆಳಗೆ ಸಾಲುಸಾಲಾಗಿ ಹೊಲಿಯುತ್ತಾ, ಹೊಲಿದದ್ದನ್ನು ಸುತ್ತುತ್ತಾ ಹೋಗಬೇಕು. ಸಡಿಲವಾದ ಬಟ್ಟೆಯೆಲ್ಲ ಮುಂದಕ್ಕೆ ತಳ್ಳಿಸಿಕೊಂಡು, ಕೊನೆಗೆ ಕೆಳಗಿನ ದಡಿಯ ಹತ್ತಿರ ಬಂದು ಗುಡ್ಡೆ ಬಿತ್ತು. ಎಡಗಡೆ ಸರಿ ಮಾಡಿದರೆ ಬಲಗಡೆ ಏಳುತ್ತದೆ. ಬಲಗಡೆ ಒತ್ತಿದರೆ ನಡುವೆ ಏಳುತ್ತದೆ.

ನಮ್ಮ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡುತ್ತಾರೆ. ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ತುಂಡುಗಳನ್ನೂ ಆಗಾಗಲೇ ಇಟ್ಟು ಹೊಲಿಯುತ್ತಾರೆ. ಎಲ್ಲಾದರೂ ಬಟ್ಟೆ ಎದ್ದರೆ ಅದರ ಮೇಲೆ ಇನ್ನೊಂದು ತುಂಡು ಬೀಳುತ್ತದೆ, ಮುಗೀತು. ನೆಲ, ಸೂಜಿ, ದಾರ ಬಿಟ್ಟರೆ ಬೇರೇನೂ ಬೇಕಿಲ್ಲ. ನಿಮಿಷಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ ಹೊಲಿಗೆ ಹಾಕುವ ಮಷಿನ್ನಿಗೆ ಈ ಬುದ್ಧಿ ಇಲ್ಲ.

ಟೀಚರಮ್ಮ ನೀರು ಚಿಮುಕಿಸಿದರು, ಹಬೆ ಹಿಡಿದರು, ಅಂಗೈಯಿಂದ ಸವರಿದರು. "ಹೊಲಿಗೆ ಬಿದ್ದ ಮೇಲೆ ಕೂತ್ಕೊಳ್ಳುತ್ತೆ" ಅಂದರು. ಅಷ್ಟರಲ್ಲಿ ಮುಂದಿನ ಸರದಿಯ ಹೆಂಗಸು ಗಂಟುಮೂಟೆ ಸಮೇತ ಬಾಗಿಲಲ್ಲಿ ನಿಂತಿದ್ದಳು. ನಿಧಾನವಾಗಿ ಮಾಡಿ, ನನಗೇನೂ ಅವಸರ ಇಲ್ಲ ಅಂತ ನಗುತ್ತಾ ಹೇಳಿದಳು. ಹೇಳುತ್ತಾ ತನ್ನ ದಾರದ ಕೋನನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. ಕೊನೆಯ ಸಾಲನ್ನು ನಾನು ಹೇಗೆ ಹೊಲಿದೆ ಅನ್ನುವುದಕ್ಕೆ ಮಷಿನ್ನಿನ ಕೀಂ ಕೀಂ ಒಂದೇ ಸಾಕ್ಷಿ. ಎದ್ದ ಬಟ್ಟೆ ಮೂರು ಕಡೆ ಮಡಚಿಕೊಂಡು ಹೊಲಿಗೆಯೊಳಗೆ ಸೇರಿತು. ಲಂಗದ ನೆರಿಗೆ ಅಂತ ಹೇಳಿ ದಾಟಿಸಬಹುದಾಗಿತ್ತು, ಆದರೆ ಅದು ಲಂಗ ಅಲ್ಲ.

ಬಿಲ್ಲಿನಲ್ಲಿ ಗಂಟೆಗಳ ಬಾಡಿಗೆ, ದಾರ, ಬಾಬಿನ್, ಕ್ಲಾಸಿನ ಫೀ ಎಲ್ಲ ಸೇರಿದ್ದವು. ನಮ್ಮನೆಯವರು ಕ್ಯಾಲ್ಕುಲೇಟರ್ ತೆಗೆಯಲಿಲ್ಲ. ಅವರಿಗೂ ವಯಸ್ಸಾಗಿದೆ, ಬುದ್ಧಿ ಬಂದಿದೆ.

ಮನೆಯಲ್ಲಿ ಕೊಂಡಿ ಎದ್ದ ಕಡೆ ಬಿಚ್ಚಿ ಕೈಯಲ್ಲೇ ಹೊಲಿದೆ. ಅಂಚು ಕಟ್ಟಿದೆ. ನೆರಿಗೆಗಳನ್ನು ಹಾಗೇ ಬಿಟ್ಟೆ. ಓಡುವ ಕುದುರೆಯ ಮೇಲೆ ಕೂತು ನೋಡಿದರೆ ಕಾಣದ ತಪ್ಪು ತಪ್ಪೇ ಅಲ್ಲ ಅಂತ ಇಲ್ಲಿನ ಕ್ವಿಲ್ಟಿನವರ ಮಾತಿದೆ. ಒಳ್ಳೆಯ ಮಾತು. ಆದರೆ ಅವ್ವ ಕುದುರೆ ಹತ್ತುವವಳಲ್ಲ. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡುವವಳು.

ರಜೆಗೆ ಊರಿಗೆ ಹೊರಟ ಪರಿಚಯದವರ ಜೊತೆ ಕೌದಿ ಕಳಿಸಿದೆ. ತಲುಪಿದ ದಿನ ಅವ್ವ ಹಿಂದುಮುಂದು ತಿರುಗಿಸಿ ನೋಡಿದಳು.

"ಮ್ಯಾಲ ಚಲೋ ಐತಿ. ಕೆಳಗಿಂದು ಯಾರ ಹೊಲದಾರ?"

ಎರಡೂ ನಾನೇ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಮುಂದಿನ ವಾರ ಫೋನ್ ಮಾಡಿದರೆ ಕೆಳಗಿನ ಸಾಲು ಪೂರ್ತಿ ಬಿಚ್ಚಿ, ಜೋಡುದಾರ ಹಾಕಿ, ಪಕ್ಕದ ಮನೆಯ ಕಾಕೂನ ಜೊತೆ ಪಡಸಾಲೆಯಲ್ಲಿ ಕೂತು ಹೊಲಿದು ಮುಗಿಸಿದ್ದಳು. ನೆರಿಗೆಯ ಸುಳಿವೇ ಇಲ್ಲ.

"ಆ ಮಷಿನ್ನಿಗೆ ತಾಸಿಗೆ ಎಷ್ಟ ಕೊಟ್ಟಿದ್ದಿ?" ಕೇಳಿದಳು.

ಹೇಳಿದೆ.

"ಹಂಗಾರ ನಂದು ನಾಕ ತಾಸಿಂದು ಕಳಸು. ಕಾಕೂಂದು ಬ್ಯಾರೆ."