ಚೇಸ್ ಮೇಲೆ ಬೀಟ್ ಸುರಿಯಬೇಡಿ

ಈಗಷ್ಟೇ ಒಂದು ರೀಲ್ ನೋಡಿದೆ. ಮೈ ಉರಿದುಹೋಯಿತು. 1968ರ 'ಬುಲಿಟ್' ಸಿನಿಮಾದ ಕಾರ್ ಚೇಸ್ ಅದು. ಸ್ಯಾನ್ ಫ್ರಾನ್ಸಿಸ್ಕೋದ ಕಡಿದಾದ ರಸ್ತೆಗಳು, ಹಸಿರು ಮಸ್ಟಾಂಗ್, ಕಪ್ಪು ಚಾರ್ಜರ್. ಹತ್ತು ನಿಮಿಷಕ್ಕೂ ಜಾಸ್ತಿ ಇರುವ ದೃಶ್ಯವನ್ನು ಅರ್ಧ ನಿಮಿಷಕ್ಕೆ ಕತ್ತರಿಸಿದ್ದಾರೆ. ಮೇಲೆ ಢಂ ಢಂ ಅಂತ ಬೀಟ್. ಎಂಜಿನ್ ಸದ್ದು ಒಂದು ಚೂರೂ ಇಲ್ಲ!

ಆ ದೃಶ್ಯದ ಜೀವವೇ ಆ ಸದ್ದು. ನೋಡಿದವರಿಗೆ ನೆನಪಿರುತ್ತೆ. ಮೊದಲು ಚಾರ್ಜರ್‌ನಲ್ಲಿರುವ ಇಬ್ಬರು ಕೊಲೆಗಾರರು ಮಸ್ಟಾಂಗ್‌ನಲ್ಲಿರುವ ಪೊಲೀಸ್, ಅಂದರೆ ನಾಯಕ ಸ್ಟೀವ್ ಮೆಕ್ವೀನ್ ಹಿಂದೆ ಬೀಳುತ್ತಾರೆ. ನಿಧಾನವಾಗಿ. ಹಿನ್ನೆಲೆಯಲ್ಲಿ ಲಾಲೋ ಶಿಫ್ರಿನ್ ಸಂಗೀತ. ಮಸ್ಟಾಂಗ್ ಇದ್ದಕ್ಕಿದ್ದಂತೆ ಕಣ್ಮರೆ. ಆಮೇಲೆ ನೋಡಿದರೆ ಕೊಲೆಗಾರರ ಕಾರಿನ ಕನ್ನಡಿಯಲ್ಲೇ ಬಂದು ನಿಂತಿದೆ. ಬೆನ್ನು ಹತ್ತಿದವರ ಬೆನ್ನಿಗೇ ಅವನು! ಆಗ ಡ್ರೈವರ್ ಸುಮ್ನೆ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾನೆ. ಟೈರ್ ಕಿರುಚುತ್ತೆ, ಸಂಗೀತ ನಿಲ್ಲುತ್ತೆ. ಅಲ್ಲಿಂದ ಕೊನೆಯವರೆಗೆ ಎಂಜಿನ್, ಗೇರು, ಟೈರು ಅಷ್ಟೇ. ಮಾತೂ ಇಲ್ಲ. ಶಿಫ್ರಿನ್ ಅಂಥವರು ಇದ್ದೂ ಅಲ್ಲಿ ಸಂಗೀತ ಬೇಡ ಅಂತ ತೀರ್ಮಾನಿಸಿದ್ದಾರೆ ಅಂದರೆ ಅದಕ್ಕೊಂದು ಕಾರಣ ಇರುತ್ತೆ ಅಲ್ವಾ? ಅದರ ಮೇಲೆ ಬೀಟ್ ಸುರಿಯಲು ಕೈ ಹೇಗೆ ಬರುತ್ತೆ?

ನಮ್ಮಪ್ಪ ಲಾರಿ ಓಡಿಸುತ್ತಿದ್ದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಶಿರಾಡಿ ಘಾಟ್ ಇಳಿಯುವಾಗ ಟೇಪ್ ರೆಕಾರ್ಡರ್ ಆಫ್ ಮಾಡಿಸುತ್ತಿದ್ದರು. ಕ್ಲೀನರ್ ಕೂಡ ಬಾಯಿ ಬಿಡುವ ಹಾಗಿರಲಿಲ್ಲ. ಗಾಡಿ ಎಷ್ಟು ಎಳೀತಿದೆ, ಯಾವಾಗ ಗೇರ್ ಇಳಿಸಬೇಕು, ಎಲ್ಲ ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ನಾನು 'ಬುಲಿಟ್' ನೋಡಿದ್ದು ಅವರು ಹೋದ ಮೇಲೆ. ಮೆಕ್ವೀನ್ ಗೇರ್ ಇಳಿಸಿದ ಸದ್ದಿಗೆ ಕಣ್ಣು ತುಂಬಿ ಬಂತು. ಈ ರೀಲ್ ನೋಡಿ ಇಷ್ಟು ಸಿಟ್ಟು ಬಂದಿದ್ದಕ್ಕೆ ಅದೂ ಕಾರಣ.

ಇನ್ನು 'ದಿ ಫ್ರೆಂಚ್ ಕನೆಕ್ಷನ್', 1971. ಇದರಲ್ಲೂ ಚೇಸ್‌ಗೆ ಸಂಗೀತ ಇಲ್ಲ. ಎರಡೂ ಸಿನಿಮಾಗಳ ನಿರ್ಮಾಪಕ ಒಬ್ಬರೇ, ಫಿಲಿಪ್ ಡಿ'ಆಂಟೋನಿ. ಅಲ್ಲಿ ಚಾರ್ಜರ್ ಓಡಿಸಿದ ಬಿಲ್ ಹಿಕ್‌ಮನ್ ಅವರೇ ಇಲ್ಲೂ ಸ್ಟಂಟ್ ಡ್ರೈವರ್. ಆದರೆ ಎರಡಕ್ಕೂ ಎಷ್ಟು ವ್ಯತ್ಯಾಸ! ಮೆಕ್ವೀನ್ ಪಳಗಿದ ಡ್ರೈವರ್. ಅವನು ಬೀಳಲ್ಲ ಅನ್ನುವ ನಂಬಿಕೆ ನಮಗಿರುತ್ತೆ. ಇಲ್ಲಿ ಪೊಲೀಸ್ ಪಾತ್ರದ ಜೀನ್ ಹ್ಯಾಕ್‌ಮನ್ ಹಾಗಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಯಾರದೋ ಪಾಂಟಿಯಾಕ್ ಕಾರು ಕಿತ್ತುಕೊಂಡು ಹೊರಟಿದ್ದಾನೆ. ಕೊಲೆಗಾರ ತಲೆ ಮೇಲಿನ ಹಳಿಯಲ್ಲಿ ಓಡುವ ರೈಲಿನಲ್ಲಿ. ಹ್ಯಾಕ್‌ಮನ್ ಮೇಲೆ ರೈಲನ್ನೂ ನೋಡಬೇಕು, ಮುಂದೆ ರಸ್ತೆಯನ್ನೂ ನೋಡಬೇಕು. ಬ್ರೇಕು, ಹಾರ್ನು, ಅವನ ಬೈಗುಳ, ಮೇಲೆ ರೈಲಿನ ಗಡಗಡ. ನನ್ನ ಮಟ್ಟಿಗೆ ಇದೇ 'ಬುಲಿಟ್'ಗಿಂತ ಒಂದು ಕೈ ಮೇಲು. ಇಲ್ಲಿ ಭಯ ಆಗುತ್ತೆ.

ಆ ಭಯಕ್ಕೆ ಒಂದು ಕೆಟ್ಟ ಕಾರಣವೂ ಇದೆ. ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ಇದರ ಕೆಲವು ಭಾಗವನ್ನು ಜನ ಓಡಾಡುವ ರಸ್ತೆಯಲ್ಲೇ ತೆಗೆದರು. ಸಿನಿಮಾದಲ್ಲಿರುವ ಒಂದು ಡಿಕ್ಕಿ ನಿಜವಾದದ್ದು, ತನ್ನ ಪಾಡಿಗೆ ಹೋಗುತ್ತಿದ್ದ ಒಬ್ಬರ ಕಾರಿಗೆ ಆದದ್ದು. ಅದನ್ನು ನಾನು ಹೊಗಳಲ್ಲ. ಯಾರ ಸಿನಿಮಾಕ್ಕೂ ದಾರಿಹೋಕರ ಜೀವ ಪಣಕ್ಕಿಡಬಾರದು. 1998ರ 'ರೋನಿನ್' ತಂಡ ಬೇರೆ ಉಪಾಯ ಮಾಡಿತ್ತು. ಕಥೆ ನಡೆಯುವ ಫ್ರಾನ್ಸ್‌ನಲ್ಲಿ ಸ್ಟೀರಿಂಗ್ ಎಡಗಡೆ. ಇವರು ಬಲಗಡೆ ಸ್ಟೀರಿಂಗ್ ಇರುವ ಕಾರು ತಂದು, ಎಡಗಡೆ ನಟರ ಮುಂದೆ ಡಮ್ಮಿ ಸ್ಟೀರಿಂಗ್ ಇಟ್ಟರು. ನಿಜವಾಗಿ ಓಡಿಸಿದವರು ಪಕ್ಕದಲ್ಲಿದ್ದ ಸ್ಟಂಟ್ ಡ್ರೈವರ್. ನಟರ ಮುಖದಲ್ಲಿ ವೇಗದ ಹೆದರಿಕೆ ಕಾಣುತ್ತೆ.

"ಈಗಿನವರಿಗೆ ತಾಳ್ಮೆ ಇಲ್ಲ ಸಾರ್, ಮ್ಯೂಸಿಕ್ ಇಲ್ಲದಿದ್ದರೆ ಸ್ಕ್ರೋಲ್ ಮಾಡ್ತಾರೆ" ಅಂತ ರೀಲ್ ಕಳಿಸಿದ ಹುಡುಗನೇ ಹೇಳಿದ. ನಾನು ಒಪ್ಪಲ್ಲ. ನನ್ನ ತಂಗಿ ಮಗನಿಗೆ ಹದಿನಾರು. ಕೈಯಿಂದ ಫೋನ್ ಇಳಿಸದವನು. 'ಫ್ರೆಂಚ್ ಕನೆಕ್ಷನ್' ಚೇಸ್ ಹಾಕಿದರೆ ಫೋನ್ ಪಕ್ಕಕ್ಕಿಟ್ಟು ಪೂರ್ತಿ ನೋಡಿದ. ತಾಳ್ಮೆ ಇಲ್ಲದಿರುವುದು ನೋಡುವವರಿಗಲ್ಲ, ಕತ್ತರಿಸುವವರಿಗೆ. ಕಾರು ಯಾವ ಕಡೆಯಿಂದ ಬಂತು, ಇಬ್ಬರ ನಡುವೆ ಎಷ್ಟು ದೂರ ಉಳಿದಿದೆ ಅಂತ ತೋರಿಸುವುದು ಕಷ್ಟದ ಕೆಲಸ. ಅದಕ್ಕೇ ಈ ಎರಡೂ ಸಿನಿಮಾಗಳಿಗೆ ಸಂಕಲನದ ಆಸ್ಕರ್ ಬಂದಿದ್ದು. ಆ ಕೆಲಸ ಬಾರದಿದ್ದಾಗ ಮೇಲೆ ಸಂಗೀತ ಸುರಿಯುತ್ತಾರೆ. ನಮ್ಮ ಸಿನಿಮಾಗಳಲ್ಲೂ ಈಗ ಇದೇ ಕಥೆ. ಒಳ್ಳೆಯ ಸ್ಟಂಟ್ ಕಲಾವಿದರು ಜೀವ ಒತ್ತೆಯಿಟ್ಟು ಗಾಡಿ ಓಡಿಸುತ್ತಾರೆ. ಅವರ ಗಾಡಿಯ ಸದ್ದೇ ನಮಗೆ ಕೇಳಿಸಲ್ಲ.

ಕನ್ನಡದಲ್ಲಿ ಹಿನ್ನೆಲೆ ಸಂಗೀತ ಇಲ್ಲದೆ ಎರಡು ನಿಮಿಷವಾದರೂ ಓಡುವ ಚೇಸ್ ನೀವು ನೋಡಿದ್ದರೆ ದಯವಿಟ್ಟು ಕಾಮೆಂಟ್‌ನಲ್ಲಿ ಹೆಸರು ಹಾಕಿ. ಇವತ್ತು ರಾತ್ರಿಯೇ ನೋಡುತ್ತೇನೆ.