ಹಳದಿ ಜ್ವರದ ಲಸಿಕೆ: ಆ ಮೆಸೇಜ್ ನಂಬಬೇಡಿ

ಮಳೆಕಾಡಿನ ಸಂಶೋಧನಾ ತಂಡಗಳಿಗೆ ಸ್ವಯಂಸೇವಕರಾಗಿ ಹೊರಟವರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ. "ಹಳದಿ ಜ್ವರದ ಲಸಿಕೆ ಕಾರ್ಡಿಗೆ 10 ವರ್ಷ ತುಂಬಿದರೆ ಅದು ರದ್ದು. ಹೊರಡುವ ಹಿಂದಿನ ದಿನ ಮತ್ತೆ ಹಾಕಿಸಿಕೊಳ್ಳಿ. ಆಮೇಲೆ ಮಲೇರಿಯಾ ಮಾತ್ರೆಯೂ ಬೇಡ" ಅಂತ. ಮೂರು ಮಾತೂ ತಪ್ಪು.

10 ವರ್ಷದ ನಿಯಮ ಮೊದಲು ಇದ್ದದ್ದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2014ರಲ್ಲಿ ಅದನ್ನು ತಿದ್ದಿದವು. 2016ರ ಜುಲೈ 11ರಿಂದ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಹಳೆಯ ಕಾರ್ಡಿನಲ್ಲಿ ಮುಗಿಯುವ ದಿನಾಂಕ ಬರೆದಿದ್ದರೂ ಚಿಂತೆಯಿಲ್ಲ. ರೋಗನಿರೋಧಕ ಶಕ್ತಿ ಕಮ್ಮಿ ಇದ್ದಾಗ ಅಥವಾ ಗರ್ಭಿಣಿಯಾಗಿದ್ದಾಗ ಲಸಿಕೆ ಪಡೆದವರಿಗೆ ವೈದ್ಯರು ಇನ್ನೊಂದು ಡೋಸ್ ಹೇಳಬಹುದು. ಅದು ಬೇರೆ ವಿಷಯ.

ಮೊದಲ ಸಲ ಹಾಕಿಸಿಕೊಳ್ಳುವವರು ಗಮನಿಸಿ: ಕಾರ್ಡ್ ಊರ್ಜಿತವಾಗುವುದು ಲಸಿಕೆ ಪಡೆದ 10 ದಿನಗಳ ನಂತರ. ಹಿಂದಿನ ದಿನ ಓಡಿದರೆ ಗಡಿಯಲ್ಲೇ ತಡೆಯಬಹುದು. ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆ ಅಲರ್ಜಿ ಇದ್ದವರು, 60 ದಾಟಿದವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮಲೇರಿಯಾ ಮಾತು ಎಲ್ಲಕ್ಕಿಂತ ಅಪಾಯದ್ದು. ಹಳದಿ ಜ್ವರ ವೈರಸ್ಸಿನಿಂದ ಬರುತ್ತದೆ, ಮಲೇರಿಯಾ ಪರಾವಲಂಬಿಯಿಂದ. ಹರಡುವ ಸೊಳ್ಳೆಗಳೂ ಬೇರೆ. ಒಂದರ ಲಸಿಕೆ ಇನ್ನೊಂದನ್ನು ಹೇಗೆ ತಡೆಯುತ್ತದೆ, ಅಲ್ವಾ? ಹಳದಿ ಜ್ವರ ಇರುವುದು ಆಫ್ರಿಕಾ ಮತ್ತು ದಕ್ಷಿಣ, ಮಧ್ಯ ಅಮೆರಿಕದ ಕೆಲವು ಭಾಗಗಳಲ್ಲಿ. ಮಲೇರಿಯಾ ಆಗ್ನೇಯ ಏಷ್ಯಾದ ಕಾಡುಗಳಲ್ಲೂ ಉಂಟು.

ಈ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕೆಲವು ಮಲೇರಿಯಾ ಮಾತ್ರೆಗಳನ್ನು ಹೊರಡುವ ಎರಡು ವಾರ ಮೊದಲೇ ಶುರುಮಾಡಿ, ಮರಳಿದ ಮೇಲೂ ನಾಲ್ಕು ವಾರ ನುಂಗಬೇಕಾಗುತ್ತದೆ. ಹಾಗಾಗಿ ವೈದ್ಯರನ್ನು ಬೇಗ ಕಾಣಿ.