ಅಜ್ಜಿಯ ಪತ್ರಕ್ಕೆ ಸಹಿ ಹಾಕಿದ ಸಭಾಪಾಲಕರು

ಕಳೆದ ತಿಂಗಳು ಅಜ್ಜಿಯ ಹಳೇ ಟ್ರಂಕು ಖಾಲಿ ಮಾಡುವಾಗ ಅವರ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪತ್ರ ಸಿಕ್ಕಿತು. 1921ರದ್ದು. ಮಡಿಕೆಯಲ್ಲಿ ಹರಿದಿದೆ, ಅಕ್ಷರ ಮಾತ್ರ ಚೆನ್ನಾಗಿದೆ. ತಂದೆಯ ಕೆಲಸ: ಹಂಚಿನ ಕಾರ್ಖಾನೆ. ಕೆಳಗೆ ಸಭಾಪಾಲಕರ, ಅಂದರೆ ಚರ್ಚಿನ ಪಾದ್ರಿಯ ಸಹಿ, ದುಂಡಗಿನ ಕನ್ನಡದಲ್ಲಿ. ಜರ್ಮನ್ ಹೆಸರಲ್ಲ, ನಮ್ಮೂರಿನದೇ ಹೆಸರು.

ಇವರು ಯಾರು ಅಂತ ನಮ್ಮ ಸಭೆಯ (ಚರ್ಚಿನ) ಸ್ಮರಣ ಸಂಚಿಕೆ ತೆಗೆದು ನೋಡಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್‌ನಿಂದ ಬಂದ, ಹೆಚ್ಚಾಗಿ ಜರ್ಮನರಾದ ಪಾದ್ರಿಗಳ ಬಗ್ಗೆ ಪುಟಗಟ್ಟಲೆ ಇದೆ, ಫೋಟೋ ಸಮೇತ. ಇವರಿಗೆ ಸಿಕ್ಕಿದ್ದು ಪಟ್ಟಿಯಲ್ಲಿ ಒಂದು ಸಾಲು. ಇಸವಿಯೂ ಇಲ್ಲ. ತುಂಬಾ ಬೇಜಾರಾಯಿತು.

ಹೊರಗಿಂದ ಬಂದವರನ್ನು ಸಣ್ಣವರು ಮಾಡುವ ಉದ್ದೇಶ ನನಗಿಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬರದಿದ್ದರೆ ನಮ್ಮ ಸಭೆಯೇ ಇರುತ್ತಿರಲಿಲ್ಲ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಇದು ಎಲ್ಲರಿಗೂ ಗೊತ್ತು. ಗೊತ್ತಿರಬೇಕು ಕೂಡ.

ಆದರೆ ಸಭೆ ಅಂದರೆ ನಿಘಂಟು, ಪತ್ರಿಕೆ ಅಷ್ಟೇ ಅಲ್ಲ ಅಲ್ವಾ? ಕ್ರೈಸ್ತರಾದವರಲ್ಲಿ ಬಿಲ್ಲವರು ಜಾಸ್ತಿ. ಅವರಿಗೆ ಕಳ್ಳು ತೆಗೆಯುವ ಕಸುಬು ಬಿಟ್ಟುಹೋಯಿತು, ಮನೆಯವರೂ ದೂರವಾದರು. ಹೊಟ್ಟೆಪಾಡಿಗೆ ನೇಯ್ಗೆ ಬಂತು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆ ಮನೆಗಳಲ್ಲಿ ಸಾವಾದಾಗ, ಜಗಳವಾದಾಗ, ಮಗು ಹುಟ್ಟಿದಾಗ ಬಾಗಿಲಿಗೆ ಬಂದವರು ಯಾರು? ಹೆಚ್ಚಾಗಿ ನಮ್ಮ ಉಪದೇಶಿಗಳು, ನಮ್ಮ ಸಭಾಪಾಲಕರು. ಅಜ್ಜಿ ಒಬ್ಬರ ಬಗ್ಗೆ ಹೇಳುತ್ತಿದ್ದರು. ಭಾನುವಾರ ಪೀಠದಲ್ಲಿ ಕನ್ನಡ, ಕಾಯಿಲೆಯವರ ಮಂಚದ ಪಕ್ಕ ಕೂತರೆ ತುಳು. ಕೈಯಲ್ಲಿ ಯಾವಾಗಲೂ ಒಂದು ಕಪ್ಪು ಕೊಡೆ.

ಊರಿನವರಲ್ಲಿ ಮೊದಲು ಪಾದ್ರಿಯಾದ ಹರ್ಮನ್ ಆನಂದರಾವ್ ಕೌಂಡಿನ್ಯರ ಹೆಸರಾದರೂ ಉಳಿದಿದೆ. ಸಾರಸ್ವತ ಮನೆಯ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದರು. ಅವರ ನಂತರ ಬಂದವರಲ್ಲಿ ಎಷ್ಟು ಜನರ ಹೆಸರು ನಮಗೆ ಬರುತ್ತದೆ?

ಈಗ 1914 ನೆನಪು ಮಾಡಿಕೊಳ್ಳಿ. ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನರು ಶತ್ರುಗಳಾದರು. ಅವರನ್ನು ಹಿಡಿದು ಶಿಬಿರದಲ್ಲಿಟ್ಟರು, ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಸಂಬಳ ಕೊಡುವ ಧಣಿಯೂ ಬದಲಾದ, ಪೀಠದಲ್ಲಿ ನಿಲ್ಲುವ ಮುಖವೂ ಬದಲಾಯಿತು. ಆದರೂ ಚರ್ಚಿನ ಬಾಗಿಲು ಮುಚ್ಚಲಿಲ್ಲ. ಅಜ್ಜಿಯ ಪತ್ರಕ್ಕೆ ಸಹಿ ಬಿದ್ದಿದ್ದು ಆ ವರ್ಷಗಳಲ್ಲೇ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿತು, ಮುಂದೆ ನಾವೂ ಅದರೊಳಗೆ ಸೇರಿದೆವು. ಅಲ್ಲಿಯವರೆಗೆ ಮಂದೆಯನ್ನು ಚದುರದಂತೆ ನೋಡಿಕೊಂಡವರಿಗೆ ಒಂದು ಸಾಲು ಸಾಕಾ?

ಮಾಹಿತಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೀಕ್ಷಾಸ್ನಾನ, ಮದುವೆ, ಮರಣದ ದಫ್ತರಗಳು ಕಪಾಟಿನಲ್ಲೇ ಇವೆ. ಒಂದನ್ನು ತೆರೆದಾಗ ಅಂಚಿಗೆ ಗೆದ್ದಲು ಹತ್ತಿತ್ತು. ಪುಟದ ಮಧ್ಯದವರೆಗೆ ಅದು ಬರಲು ಇನ್ನೆರಡು ಮಳೆಗಾಲ ಸಾಕು. ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಮಿಶನ್ ಕಾಲದ ಕಾಗದಪತ್ರಗಳ ಸಂಗ್ರಹ ಇದೆ. ಪ್ರತಿ ಸಭೆಯವರೂ ತಮ್ಮ ದಫ್ತರದ ಫೋಟೋ ತೆಗೆದು ಒಂದು ಪ್ರತಿ ಅಲ್ಲಿಗೆ ಕೊಡಬೇಕು. ಎಂಬತ್ತು ದಾಟಿದ ಹಿರಿಯರ ಹತ್ತಿರ ಈಗಲೇ ಕೂತು ಮಾತಾಡಿಸಬೇಕು. ಮುಂದಿನ ಸಂಚಿಕೆಗೆ ಬಣ್ಣದ ಹೊದಿಕೆ ಇಲ್ಲದಿದ್ದರೂ ಪರವಾಗಿಲ್ಲ, ಆ ದುಡ್ಡು ಇದಕ್ಕೆ ಹೋಗಲಿ.

ನಮ್ಮ ಸಭೆಯ ದಫ್ತರದ ಕೆಲಸ ನಾನು ಮಾಡುತ್ತೇನೆ, ಕೇಳಿಕೊಂಡಿದ್ದೇನೆ. ಮಂಗಳೂರು, ಮೂಲ್ಕಿ, ಉಡುಪಿ ಕಡೆಯ ಬಂಧುಗಳೇ, ನಿಮ್ಮ ಮನೆಯಲ್ಲೂ ಇಂಥ ಪತ್ರ ಇದ್ದರೆ ಹುಡುಕಿ ತೆಗೆಯಿರಿ. ಕೆಳಗಿನ ಸಹಿ ಯಾರದ್ದು ಅಂತ ಓದಿ, ಅವರ ಬಗ್ಗೆ ಮನೆಯ ಹಿರಿಯರು ಏನು ಹೇಳುತ್ತಾರೋ ಅದನ್ನು ಬರೆದಿಡಿ.